ಕೆವಿಎಂನಿಂದ ಡೆಸ್ಕ್‌ಟಾಪಿಗೆ ತಂದ ಸೆಂಟ್‌ಓಎಸ್ 7 ಡ್ರಾಕಟ್ ಶೆಲ್‌ನಲ್ಲೇ ನಿಲ್ಲುವುದೇಕೆ?

ಕೆವಿಎಂ ವರ್ಚುವಲ್ ಯಂತ್ರದಲ್ಲಿದ್ದ (ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ನಡೆಯುವ ಇನ್ನೊಂದು ಕಂಪ್ಯೂಟರಿನಲ್ಲಿದ್ದ) ಸೆಂಟ್‌ಓಎಸ್ 7 ಎಂಬ ಲಿನಕ್ಸ್ ವ್ಯವಸ್ಥೆಯನ್ನು ಡೆಸ್ಕ್‌ಟಾಪಿನ ಎಸ್‌ಎಸ್‌ಡಿಗೆ ನಕಲು ಮಾಡಿದ ಮೇಲೆ ಬೂಟ್ ಶುರು ಮಾಡುವ ಗ್ರಬ್‌ನ ಮೆನು ಬರುತ್ತದೆ, ಆದರೆ ಸ್ವಲ್ಪ ಹೊತ್ತಿನಲ್ಲೇ ಡ್ರಾಕಟ್ ಶೆಲ್‌ಗೆ, ಅಂದರೆ ಬೂಟ್ ಅರ್ಧಕ್ಕೆ ನಿಂತಾಗ ತೆರೆಯುವ ತುರ್ತು ಆದೇಶದ ಪರದೆಗೆ, ಬಂದು ನಿಲ್ಲುತ್ತದೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಅಳಿಸಬೇಡಿ. ಗ್ರಬ್ ಬಂದು ಲಿನಕ್ಸಿನ ತಿರುಳಾದ ಕರ್ನಲ್ ಶುರುವಾಗಿದೆ ಎಂದ ಮೇಲೆ ಬೂಟ್‌ಲೋಡರ್ ಸರಿಯಾಗಿಯೇ ಇದೆ. ಅದನ್ನು ಹೊಸದಾಗಿ ಹಾಕುವ ಅಗತ್ಯವೂ ಇಲ್ಲ.

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ಭತ್ತದ ಸುಗ್ಗಿಯಲ್ಲಿ ವೇಬ್ರಿಡ್ಜ್ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದ ದಿನವೇ ಹಳೆಯ ಸರ್ವರಿನ ಮದರ್‌ಬೋರ್ಡ್ ಕೆಟ್ಟಿತು. ತೂಕದ ಲೆಕ್ಕವಿದ್ದ ವರ್ಚುವಲ್ ಯಂತ್ರವನ್ನು ಒಂದು ಡೆಸ್ಕ್‌ಟಾಪಿಗೆ ತಂದಾಗ, ವ್ಯವಸ್ಥೆಯ ಕಡತಗಳಿರುವ ರೂಟ್ ಡಿಸ್ಕ್ ಸಿಗುತ್ತಿಲ್ಲವೆಂಬ ಎಚ್ಚರಿಕೆಯ ಸಾಲುಗಳು ಒಂದರ ಕೆಳಗೊಂದು ಬಂದು, ನೀವು ಹೇಳಿದ ಅದೇ ಶೆಲ್ ತೆರೆದುಕೊಂಡಿತು.

ಆ ಶೆಲ್‌ನಲ್ಲಿ ಮೊದಲು, ಯಂತ್ರಕ್ಕೆ ಕಾಣುವ ಡಿಸ್ಕುಗಳನ್ನು ತೋರಿಸುವ ಬಿಎಲ್‌ಕೆಐಡಿ ಆದೇಶ ಕೊಟ್ಟು ನೋಡಿ. ಡಿಸ್ಕಿನ ಹೆಸರೇ ಕಾಣದಿದ್ದರೆ ಸಾಮಾನ್ಯವಾಗಿ ಅದರ ಡ್ರೈವರ್ ಇಲ್ಲ ಎಂದರ್ಥ. ಡಿಸ್ಕ್ ಕಂಡರೂ ಬೂಟ್ ಆಗದಿದ್ದರೆ ಗ್ರಬ್ ಸಾಲಿನಲ್ಲಿ ಇಲ್ಲವೇ ಡಿಸ್ಕುಗಳ ಪಟ್ಟಿಯಿರುವ ಎಫ್‌ಸ್ಟ್ಯಾಬ್ ಕಡತದಲ್ಲಿ ಯುಯುಐಡಿ (ಡಿಸ್ಕ್ ವಿಭಾಗದ ಬದಲಾಗದ ಗುರುತು) ಬದಲು ವಿಡಿಎ ಎಂಬ ಹಳೆಯ ಹೆಸರು ಉಳಿದಿರಬಹುದು, ಏಕೆಂದರೆ ವರ್ಚುವಲ್ ಡಿಸ್ಕಿನ ಡ್ರೈವರಾದ ವರ್ಚಿಯೋ ಕೊಡುವ ವಿಡಿಎ ಎಂಬ ಹೆಸರು ನಿಜವಾದ ಯಂತ್ರದ ಸಾಟಾ ಡಿಸ್ಕಿನಲ್ಲಿ ಸಾಮಾನ್ಯವಾಗಿ ಎಸ್‌ಡಿಎ ಆಗಿರುತ್ತದೆ. ನನಗೆ ಡಿಸ್ಕಿನ ಹೆಸರೇ ಕಾಣಲಿಲ್ಲ, ಅದಕ್ಕೆ ಕಾರಣ ಇದು. ಸೆಂಟ್‌ಓಎಸ್‌ನಲ್ಲಿ ಡ್ರಾಕಟ್ ತಾನಾಗಿಯೇ ಹೋಸ್ಟ್‌ಓನ್ಲಿ ರೀತಿಯಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಬೇಕಾದ ಡ್ರೈವರುಗಳ ಪುಟ್ಟ ಕಂತೆ) ಕಟ್ಟುತ್ತದೆ. ಅಂದರೆ ಕಟ್ಟುವ ಹೊತ್ತಿಗೆ ಯಂತ್ರದಲ್ಲಿ ಯಾವ ಹಾರ್ಡ್‌ವೇರ್ ಇರುತ್ತದೆಯೋ ಅದರ ಡ್ರೈವರುಗಳನ್ನಷ್ಟೇ ಅದರಲ್ಲಿ ಇಡುತ್ತದೆ. ಹೀಗಾಗಿ ವರ್ಚಿಯೋ ಡ್ರೈವರ್ ಬಂದಿರುತ್ತದೆ, ಸಾಟಾ ಡಿಸ್ಕಿಗೆ ಬೇಕಾದ ಎಎಚ್‌ಸಿಐ ಡ್ರೈವರಾಗಲಿ, ಎನ್‌ವಿಎಂಇ ಡಿಸ್ಕಿಗೆ ಬೇಕಾದ ಎನ್‌ವಿಎಂಇ ಡ್ರೈವರಾಗಲಿ ಬಂದಿರುವುದಿಲ್ಲ.

ಪರಿಹಾರ ಗ್ರಬ್ ಮೆನುವಿನಲ್ಲಿಯೇ ಇದೆ. ಕೊನೆಯಲ್ಲಿರುವ ರೆಸ್ಕ್ಯೂ ಸಾಲಿನ ಇನಿಟ್‌ರಾಮ್‌ಎಫ್‌ಎಸ್ ಎಲ್ಲ ಬಗೆಯ ಡ್ರೈವರುಗಳನ್ನೂ ಹೊತ್ತಿರುವುದರಿಂದ, ಅದನ್ನು ಆರಿಸಿದರೆ ಯಂತ್ರ ಸಾಮಾನ್ಯವಾಗಿ ಪೂರ್ತಿ ಏಳುತ್ತದೆ. ಲಾಗಿನ್ ಆದ ಮೇಲೆ ಡ್ರಾಕಟ್ ಆದೇಶವನ್ನು ರೀಜನರೇಟ್-ಆಲ್, ಫೋರ್ಸ್ ಮತ್ತು ನೋ-ಹೋಸ್ಟ್‌ಓನ್ಲಿ ಎಂಬ ಮೂರೂ ಆಯ್ಕೆಗಳೊಂದಿಗೆ ಕೊಡಿ. ನಾನು ಮೊದಲ ಸಲ ಫೋರ್ಸ್ ಒಂದನ್ನೇ ಕೊಟ್ಟಿದ್ದೆ. ರೆಸ್ಕ್ಯೂ ಕರ್ನಲ್, ಸೆಂಟ್‌ಓಎಸ್ ಇನ್‌ಸ್ಟಾಲ್ ಮಾಡಿದ ಕಾಲದ ಹಳೆಯ ಆವೃತ್ತಿಯಾದ್ದರಿಂದ ಆ ಆವೃತ್ತಿಯ ಇನಿಟ್‌ರಾಮ್‌ಎಫ್‌ಎಸ್ ಮಾತ್ರ ಹೊಸದಾಯಿತು, ನಿತ್ಯ ಬಳಸುವ ಕರ್ನಲ್ ಮತ್ತೆ ಅದೇ ಶೆಲ್‌ನಲ್ಲಿ ನಿಂತಿತು. ರೆಸ್ಕ್ಯೂ ಸಾಲೂ ಏಳದಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ರೂಟ್ ಮತ್ತು ಬೂಟ್ ವಿಭಾಗಗಳನ್ನು ಮೌಂಟ್ ಮಾಡಿ, ದೇವ್, ಪ್ರಾಕ್, ಸಿಸ್ ಎಂಬ ಮೂರು ಕಡತಕೋಶಗಳನ್ನೂ ಅದರೊಳಗೆ ಬೈಂಡ್ ಮಾಡಿಕೊಂಡು, ಸಿಎಚ್‌ರೂಟ್ ಆದೇಶದಿಂದ ಆ ವ್ಯವಸ್ಥೆಯನ್ನು ಹೊಕ್ಕು ಅದರ ಒಳಗಿನಿಂದ ಅದೇ ಆದೇಶವನ್ನು ಕೊಡಬೇಕು.

ಒಂದು ವೇಳೆ ಬಯಾಸ್ ಸೆಟ್ಟಿಂಗ್‌ನಲ್ಲಿ ಡಿಸ್ಕ್ ರೇಯ್ಡ್ (ಹಲವು ಡಿಸ್ಕುಗಳನ್ನು ಒಂದಾಗಿಸುವ) ರೀತಿಯಲ್ಲಿದ್ದರೆ ಮೊದಲು ಎಎಚ್‌ಸಿಐಗೆ ಬದಲಿಸಿ. ಬೂಟ್ ಆದ ಮೇಲೆ ನೆಟ್‌ವರ್ಕ್ ಬಾರದಿದ್ದರೆ ಗಾಬರಿಯಾಗಬೇಡಿ: ಹೊಸ ಯಂತ್ರದಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರೂ ಅದರ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸವೂ ಬೇರೆಯಾಗಿರುತ್ತವೆ, ನೆಟ್‌ವರ್ಕ್ ಸೆಟ್ಟಿಂಗ್ ಇರುವ ಹಳೆಯ ಐಎಫ್‌ಸಿಎಫ್‌ಜಿ ಕಡತದಲ್ಲಿ ಅವನ್ನು ತಿದ್ದಿದರೆ ಸಾಕು. ನಮ್ಮಲ್ಲಿ ವೇಬ್ರಿಡ್ಜ್ ಕೋಣೆಯ ಕಂಪ್ಯೂಟರಿಗೆ ಲೆಕ್ಕ ಸಿಕ್ಕಿದ್ದು ಇದನ್ನು ತಿದ್ದಿದ ಮೇಲೆಯೇ.

ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ರಂದು ಬೆಂಬಲ ನಿಂತಿರುವುದರಿಂದ ಅದನ್ನು ಬದಲಿಸಲೇಬೇಕು, ಆದರೆ ಈ ದುರಸ್ತಿಯ ಜೊತೆಗೆ ಆ ಕೆಲಸವನ್ನು ಬೆರೆಸಬೇಡಿ. ಯಂತ್ರ ಎದ್ದ ಕೂಡಲೇ ಲೆಕ್ಕದ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ಬಿಎಲ್‌ಕೆಐಡಿ ಏನು ತೋರಿಸಿತೆಂದು ಇಲ್ಲಿ ಬರೆದರೆ ಮುಂದಿನದನ್ನು ಹೇಳುತ್ತೇನೆ.