ಸಂವಹನದ ಜೊತೆಗೆ ಸುಲಭದ ವಿಷಯ ಹುಡುಕಬೇಡಿ, ನಾನು ಹುಡುಕಿದ್ದೆ

ಯಾದಗಿರಿಯಲ್ಲಿ ಪಿಯುಸಿ ಮುಗಿಸಿ, ಬಿಎಗೆ ಪತ್ರಿಕೋದ್ಯಮ ಮತ್ತು ಸಂವಹನವನ್ನು ಮುಖ್ಯ ವಿಷಯವಾಗಿ ಓದಬೇಕೆಂದಿದ್ದೀರಿ. ಅದಕ್ಕೆ ಹೆಚ್ಚು ಸಮಯ ಸಿಗುವಂತೆ ಜೊತೆಗೆ ಅಂಕ ತರುವ ಸುಲಭದ ವಿಷಯ ಯಾವುದು, ಬೆಂಗಳೂರಿಗೇ ಹೋಗಬೇಕೇ ಎಂದು ಕೇಳಿದ್ದೀರಿ. ಮೊದಲ ಪ್ರಶ್ನೆಯನ್ನು ನಾನು 2012ರ ಜೂನ್ ತಿಂಗಳಲ್ಲಿ ಕಲಬುರಗಿಯ ಕಾಲೇಜೊಂದರ ಪ್ರವೇಶ ಕೌಂಟರಿನ ಸಾಲಿನಲ್ಲಿ ನಿಂತು, ನನ್ನ ಹಿಂದಿದ್ದ ಹುಡುಗನಿಗೆ ಇದೇ ಮಾತುಗಳಲ್ಲಿ ಕೇಳಿದ್ದೆ.

ಅರ್ಜಿಯಲ್ಲಿ ನಾನು ಅದಾಗಲೇ ಪತ್ರಿಕೋದ್ಯಮ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಎಂದು ಬರೆದಾಗಿತ್ತು. ಅರ್ಥಶಾಸ್ತ್ರದಲ್ಲಿ ಲೆಕ್ಕ ಬರುತ್ತದೆ, ರೇಖಾಚಿತ್ರ ಬರುತ್ತದೆ, ಪತ್ರಕರ್ತನಾಗುವವನಿಗೆ ಅದೆಲ್ಲ ಯಾಕೆ ಎಂದು ಅವನು ಹೇಳಿದ. ನನಗೂ ಆ ಮಾತೇ ಬೇಕಾಗಿತ್ತು. ನೀಲಿ ಶಾಯಿಯಲ್ಲಿ ಬರೆದಿದ್ದ ಆ ಪದದ ಮೇಲೆ ಎರಡು ಗೆರೆ ಎಳೆದು ಪಕ್ಕದಲ್ಲಿ ಐಚ್ಛಿಕ ಕನ್ನಡ ಎಂದು ಬರೆದೆ. ತಿದ್ದಿದ ಜಾಗದಲ್ಲಿ ಗುಮಾಸ್ತರು ನನ್ನಿಂದ ಒಂದು ಸಣ್ಣ ಸಹಿ ಹಾಕಿಸಿಕೊಂಡರು. ಐಚ್ಛಿಕ ಕನ್ನಡ ಹಗುರವಾದ ವಿಷಯ ಎಂದು ನಾನು ಹೇಳುತ್ತಿಲ್ಲ. ಅದನ್ನು ಪ್ರೀತಿಯಿಂದ ಓದಿದ ನನ್ನ ಸಹಪಾಠಿಗಳು ಇಂದು ಒಳ್ಳೆಯ ಅಧ್ಯಾಪಕರಾಗಿದ್ದಾರೆ. ನಾನು ಅದನ್ನು ಆರಿಸಿದ್ದು ಪ್ರೀತಿಯಿಂದಲ್ಲ, ಅರ್ಥಶಾಸ್ತ್ರದ ಹೆದರಿಕೆಯಿಂದ.

ಸಂವಹನವನ್ನು ಮಾತ್ರ ಮನಸ್ಸಿಟ್ಟು ಓದಿದೆ. ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ, ಯಾವ ಪರಿಣಾಮದೊಂದಿಗೆ ಹೇಳುತ್ತಾರೆ ಎಂದು 1948ರಲ್ಲಿ ಅಮೆರಿಕದ ವಿದ್ವಾಂಸ ಹೆರಾಲ್ಡ್ ಲಾಸ್‌ವೆಲ್ ಕೇಳಿದ ಐದು ಪ್ರಶ್ನೆಗಳು, ಅದೇ ವರ್ಷ ಗಣಿತಜ್ಞ ಕ್ಲಾಡ್ ಶಾನನ್ ಮುಂದಿಟ್ಟ ಮಾಹಿತಿ ಸಿದ್ಧಾಂತ, ಪತ್ರಿಕಾ ಕಾನೂನು, ವರದಿಗಾರಿಕೆ, ಸಂಪಾದನೆ, ಯಾವುದರಲ್ಲೂ ನನಗೆ ಕಡಿಮೆ ಅಂಕ ಬಂದಿಲ್ಲ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸಿದ ಸೈಟ್ ಪ್ರಯೋಗದ ಪಾಠ ಬಂದ ದಿನ ತರಗತಿಯಲ್ಲಿ ನಾವೆಲ್ಲ ನೆಟ್ಟಗೆ ಕುಳಿತಿದ್ದೆವು, ಏಕೆಂದರೆ 1975ರ ಆಗಸ್ಟ್‌ನಿಂದ ಒಂದು ವರ್ಷ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ಆ ಪ್ರಯೋಗದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳೂ ಇದ್ದವು. ಪ್ರಪಂಚದಾದ್ಯಂತ ಸಂವಹನದ ವಿದ್ಯಾರ್ಥಿಗಳು ಓದುವ ಪಾಠದಲ್ಲಿ ನಮ್ಮೂರ ಹೆಸರು ಇರುವುದು ಸಣ್ಣ ಮಾತಲ್ಲ. ಬೇಸಾಯ, ಆರೋಗ್ಯದ ವಿಷಯಗಳನ್ನು ಹಳ್ಳಿಯ ಜನರಿಗೆ ಅರ್ಥವಾಗುವಂತೆ ಹೇಳುವ ಆಸೆ ನನ್ನಲ್ಲಿ ಹುಟ್ಟಿದ್ದು ಅಂದೇ. ಹಾಗೆ ಹೇಳಬೇಕಾದರೆ ಬೇಸಾಯದ ಲೆಕ್ಕ ನನಗೂ ಗೊತ್ತಿರಬೇಕು ಎಂಬುದು ಮಾತ್ರ ಹೊಳೆಯಲಿಲ್ಲ.

ಸ್ನಾತಕೋತ್ತರ ಪದವಿ ಮುಗಿಸಿ 2017ರ ಕೊನೆಗೆ ಒಂದು ದಿನಪತ್ರಿಕೆಯಲ್ಲಿ ತರಬೇತಿ ವರದಿಗಾರನಾಗಿ ಸೇರಿಕೊಂಡೆ. ಆಗ ತೊಗರಿಯ ರಾಶಿ ನಡೆದಿತ್ತು. ಹಿಂದಿನ ಕಥೆ ಇಷ್ಟು: 2015ರ ಕೊನೆಯಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದರಿಂದ ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಕೈಹಿಡಿಯಿತು, ದೇಶದ ಉತ್ಪಾದನೆ ಸುಮಾರು 25 ಲಕ್ಷ ಟನ್‌ನಿಂದ 48 ಲಕ್ಷ ಟನ್‌ಗೆ ಏರಿತು, ದರ ನೆಲ ಕಚ್ಚಿತು. 2017-18ರ ಹಂಗಾಮಿಗೆ ಕೇಂದ್ರ ಸರ್ಕಾರ ಬೋನಸ್ ಸೇರಿಸಿ ಕ್ವಿಂಟಲ್‌ಗೆ 5,450 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಖರೀದಿ ಕೇಂದ್ರಗಳ ಕುರಿತ ಪ್ರಕಟಣೆಯೊಂದು ನನ್ನ ಮೇಜಿಗೆ ಬಂತು. ಅದನ್ನು ಸುದ್ದಿ ಮಾಡಲು ನನಗೆ ಅರ್ಧ ಗಂಟೆಯಿತ್ತು.

ನಾನು ಮಾಡಿದ ತಪ್ಪು ಇಲ್ಲಿದೆ, ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಬೆಂಬಲ ಬೆಲೆ ಎಂದರೆ ಮಾರುಕಟ್ಟೆಯಲ್ಲಿ ಯಾರೂ ಅದಕ್ಕಿಂತ ಕಡಿಮೆಗೆ ಕೊಳ್ಳುವಂತಿಲ್ಲ ಎಂಬ ಕಾನೂನು ಎಂದೇ ನಾನು ತಿಳಿದಿದ್ದೆ. ಅದು ಹಾಗಲ್ಲ. ಸರ್ಕಾರದ ಪರವಾಗಿ ಖರೀದಿಸುವ ಸಂಸ್ಥೆಗಳು ತಮ್ಮ ಕೇಂದ್ರಗಳಲ್ಲಿ, ತಮ್ಮ ನಿಯಮದಂತೆ, ತಮಗೆ ನಿಗದಿಯಾದ ಪ್ರಮಾಣದಷ್ಟು ಮಾತ್ರ ಆ ಬೆಲೆಗೆ ಕೊಳ್ಳುತ್ತವೆ. ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ವರ್ತಕನಿಗೆ ಆ ಬೆಲೆ ಕೊಡುವ ಕಟ್ಟುಪಾಡು ಇಲ್ಲ. ಪ್ರಕಟಣೆಯ ಕೊನೆಯ ಪ್ಯಾರಾದಲ್ಲಿ, ರೈತರು ಪಹಣಿ, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ಮೊದಲೇ ಹೆಸರು ನೋಂದಾಯಿಸಬೇಕು, ಒಬ್ಬ ರೈತನಿಂದ ಕೊಳ್ಳುವ ಪ್ರಮಾಣಕ್ಕೆ ಮಿತಿಯಿದೆ ಎಂದು ಇತ್ತು. ಮುಖ್ಯವಾದದ್ದು ಮೇಲೆ, ಕಡಿಮೆ ಮುಖ್ಯವಾದದ್ದು ಕೆಳಗೆ, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸು ಎಂಬ ತಲೆಕೆಳಗಾದ ಪಿರಮಿಡ್ಡಿನ ಪಾಠ ನನಗೆ ಬಾಯಿಪಾಠವಾಗಿತ್ತು. ಆ ಪಾಠದಂತೆ ಕೊನೆಯ ಪ್ಯಾರಾವನ್ನು ತಾಂತ್ರಿಕ ವಿವರವೆಂದು ತೆಗೆದುಹಾಕಿ, ರೈತರ ತೊಗರಿಗೆಲ್ಲ 5,450 ರೂಪಾಯಿ ಸಿಗಲಿದೆ ಎಂದು ಬರೆದೆ. ವಾಕ್ಯಗಳು ಚೆನ್ನಾಗಿದ್ದವು, ಒಂದು ಕಾಗುಣಿತ ದೋಷವೂ ಇರಲಿಲ್ಲ. ರೈತನಿಗೆ ಬೇಕಾಗಿದ್ದ ಸುದ್ದಿ ನಾನು ಕತ್ತರಿಸಿದ ಪ್ಯಾರಾದಲ್ಲಿತ್ತು.

ಮೂರನೆಯ ದಿನ ಆಳಂದ ತಾಲ್ಲೂಕಿನ ಹಳ್ಳಿಯೊಂದರಿಂದ ಹಿರಿಯರೊಬ್ಬರು ಕಚೇರಿಗೆ ಬಂದರು. ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಪತ್ರಿಕೆ ತೆಗೆದು ಮೇಜಿನ ಮೇಲೆ ಹರವಿದರು. ನನ್ನ ಸುದ್ದಿಯ ತಲೆಬರಹದ ಕೆಳಗೆ ಯಾರೋ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದರು, ಮಡಿಕೆ ಬಿದ್ದ ಜಾಗದಲ್ಲಿ ಅಕ್ಷರ ಅಳಿಸಿಹೋಗಿತ್ತು. “ನನಗ ಓದ್ಲಾಕ ಬರಲ್ಲ ತಮ್ಮಾ, ಮೊಮ್ಮಗ ಓದಿ ಹೇಳ್ಯಾನ. ಎಲ್ಲಾರದೂ ತಗೋತಾರ ಅಂತ ನೀವೇ ಬರದೀರಿ. ನಂದ್ಯಾಕ ತಗೊಳ್ಳಿಲ್ಲ?” ಎಂದರು. ಅವರು ಟೆಂಪೊ ಬಾಡಿಗೆ ಮಾಡಿಕೊಂಡು ಮನೆಯ ಅಷ್ಟೂ ತೊಗರಿಯನ್ನು ಪಟ್ಟಣಕ್ಕೆ ತಂದಿದ್ದರು. ಹೆಸರು ನೋಂದಾಯಿಸಿಲ್ಲವೆಂದು ಕೇಂದ್ರದಲ್ಲಿ ತೆಗೆದುಕೊಳ್ಳಲಿಲ್ಲ. ಚೀಲಗಳನ್ನು ವಾಪಸ್ ಒಯ್ಯಲು ಮತ್ತೊಂದು ಬಾಡಿಗೆ ಕೊಡುವ ಶಕ್ತಿಯಿಲ್ಲದೆ ಅಡತಿಯಲ್ಲಿ ಕೇಳಿದ ದರಕ್ಕೆ ಮಾರಿ, ನೇರವಾಗಿ ನಮ್ಮ ಕಚೇರಿಗೆ ಬಂದಿದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕಾರಣ ತಿಳಿದುಕೊಳ್ಳಲು ಬಂದಿದ್ದರು. ಆ ಕಾರಣವನ್ನು ವಿವರಿಸಲು ಆ ಕ್ಷಣದಲ್ಲೂ ನನಗೆ ಬರಲಿಲ್ಲ. ಪಕ್ಕದ ಮೇಜಿನ ಹಿರಿಯ ವರದಿಗಾರರು ಎದ್ದು ಬಂದು ಅವರಿಗೆ ಕುರ್ಚಿ ಹಾಕಿ, ಬೆಂಬಲ ಬೆಲೆ ಎಂದರೇನು ಎಂದು ಹತ್ತು ನಿಮಿಷ ತಿಳಿಸಿ ಹೇಳಿದರು. ನಾನು ನಿಂತುಕೊಂಡೇ ಕೇಳಿದೆ, ಕಲಿತೆ.

ಪತ್ರಿಕೆ ಮರುದಿನ ತಿದ್ದುಪಡಿ ಪ್ರಕಟಿಸಿತು. ತರಬೇತಿ ಮುಗಿದ ಮೇಲೆ ನನ್ನ ಕೆಲಸ ಖಾಯಂ ಆಗಲಿಲ್ಲ, ಅದು ಸರಿಯಾದ ನಿರ್ಧಾರವೇ ಆಗಿತ್ತು. ಅರ್ಧ ಗಂಟೆ ಸಮಯ ಕಡಿಮೆಯಾಯಿತು, ಉಪಸಂಪಾದಕರು ನೋಡಬೇಕಿತ್ತು, ಖರೀದಿ ಕೇಂದ್ರಕ್ಕೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು ಎಂದು ಆ ಬೇಸಿಗೆಯಲ್ಲಿ ನನಗೆ ನಾನೇ ಬಹಳ ಸಲ ಹೇಳಿಕೊಂಡೆ. ಫೋನ್ ಮಾಡಿದ್ದರೂ ಏನನ್ನು ಕೇಳುತ್ತಿದ್ದೆ? ಬೆಲೆ ಘೋಷಿಸುವುದು ಬೇರೆ, ಆ ಬೆಲೆಗೆ ಕೊಳ್ಳುವವರು ಇರುವುದು ಬೇರೆ ಎಂಬ ಅನುಮಾನವೇ ನನ್ನ ತಲೆಯಲ್ಲಿ ಹುಟ್ಟದಿದ್ದಾಗ ಪ್ರಶ್ನೆ ಎಲ್ಲಿಂದ ಬರಬೇಕು? ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಆ ಅನುಮಾನ ಬಿಎ ಮೊದಲ ವರ್ಷದಲ್ಲೇ ಅಭ್ಯಾಸವಾಗಿರುತ್ತದೆ. ಲಾಸ್‌ವೆಲ್‌ನ ಐದು ಪ್ರಶ್ನೆಗಳಲ್ಲಿ ‘ಏನನ್ನು’ ಎಂಬ ಎರಡನೆಯದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅದನ್ನು ನಾನು ಕೌಂಟರಿನ ಮುಂದೆ ಎರಡು ಗೆರೆ ಎಳೆದು ಬಿಟ್ಟುಬಂದಿದ್ದೆ.

ಮುಂದೆ ಖಾಸಗಿ ಶಾಲೆಯೊಂದರಲ್ಲಿ ಕೆಲಸ ಮಾಡುತ್ತ ದೂರಶಿಕ್ಷಣದಲ್ಲಿ ಅರ್ಥಶಾಸ್ತ್ರ ಓದಿದೆ. ಹದಿನೆಂಟರಲ್ಲಿ ಹೆದರಿದ ರೇಖಾಚಿತ್ರಗಳನ್ನು ಇಪ್ಪತ್ತೈದರಲ್ಲಿ ರಾತ್ರಿ ಹತ್ತರ ಮೇಲೆ ಕುಳಿತು ಬಿಡಿಸಿದೆ. ಅವು ಅಷ್ಟೇನೂ ಕಷ್ಟವಿರಲಿಲ್ಲ. ಈಗ ರೈತರ ಫೋನಿಗೆ ಧ್ವನಿ ಸಂದೇಶ ಕಳಿಸುವ ಸಂಸ್ಥೆಯೊಂದಕ್ಕೆ ಬರೆಯುತ್ತೇನೆ. ತೊಗರಿಯ ನೆಟೆ ರೋಗದ ಬಗ್ಗೆ ಒಂದು ಸಂದೇಶ ಬರೆಯಬೇಕಾದರೂ, ಆ ರೋಗ ತರುವ ಶಿಲೀಂಧ್ರ ಮಣ್ಣಿನಲ್ಲೇ ಇರುತ್ತದೆ, ಗಿಡ ಒಣಗಲು ಶುರುವಾದ ಮೇಲೆ ಅದನ್ನು ಉಳಿಸಲಾಗದು, ಬಿತ್ತುವ ಮೊದಲೇ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ ಮಾಡಬೇಕು ಎಂಬುದು ಬರೆಯುವವನಿಗೆ ಗೊತ್ತಿರಬೇಕು. ಗೊತ್ತಿಲ್ಲದವನು ಅದೇ ಸಂದೇಶವನ್ನು ಬಹಳ ಸೊಗಸಾಗಿ ಬರೆದು, ಬಿತ್ತನೆ ಮುಗಿದು ತಿಂಗಳುಗಳಾದ ಮೇಲೆ, ಡಿಸೆಂಬರಿನಲ್ಲಿ ಕಳಿಸುತ್ತಾನೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರವಾಗಿ ಯಾವ ಸುಲಭದ ವಿಷಯದ ಹೆಸರನ್ನೂ ನಾನು ಹೇಳುವುದಿಲ್ಲ. ಸಂವಹನಕ್ಕೆ ಸಮಯ ಉಳಿಸುವ ಲೆಕ್ಕವೇ ತಪ್ಪು. ಸಂವಹನವನ್ನು ಖಂಡಿತ ಓದಿ, ಓದಿದ್ದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ. ಆದರೆ ಅದರ ಪಕ್ಕದಲ್ಲಿ ನಿಮಗೆ ಅತ್ಯಂತ ಕಷ್ಟವೆನಿಸುವ ವಿಷಯವನ್ನೇ ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ನಮ್ಮ ಕಡೆಯ ಜಿಲ್ಲೆಗಳಲ್ಲಿ ಅದು ಅರ್ಥಶಾಸ್ತ್ರವೇ ಆಗಬೇಕು, ಏಕೆಂದರೆ ಇಲ್ಲಿಯ ದೊಡ್ಡ ಸುದ್ದಿಗಳೆಲ್ಲ ಬೆಳೆ, ನೀರು, ಗುಳೆ, ಅನುದಾನ ಮತ್ತು ಸಂವಿಧಾನದ 371ಜೆ ವಿಧಿಯಡಿ ಈ ಭಾಗದವರಿಗೆ ಮೀಸಲಾದ ಹುದ್ದೆಗಳ ಸುತ್ತಲೇ ಇರುತ್ತವೆ. ಈ ಓದಿಗೆ ಕೆಲಸ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ. ಸಂವಹನವೊಂದನ್ನೇ ಬಲ್ಲವನಿಗೆ ಕೆಲಸ ಕಷ್ಟ. ಆರೋಗ್ಯ, ಬೇಸಾಯ, ಕಾನೂನು, ಹಣಕಾಸು ಇವುಗಳಲ್ಲಿ ಒಂದನ್ನು ಬಲ್ಲ, ಅದನ್ನು ಜನರ ಕನ್ನಡದಲ್ಲಿ ಹೇಳಬಲ್ಲ ಮನುಷ್ಯನನ್ನು ನಾನು ಈಗಿರುವ ಜಾಗದಲ್ಲೇ ಎರಡು ಸಲ ಹುಡುಕಿದ್ದೇವೆ, ಸುಲಭವಾಗಿ ಸಿಕ್ಕಿಲ್ಲ.

ಬೆಂಗಳೂರಿನ ಮಾತು ಈಗ ಬೇಡ. 1966ರಿಂದ ಆಕಾಶವಾಣಿ ಕೇಂದ್ರ ಇರುವ, 1977ರಲ್ಲಿ ದೂರದರ್ಶನ, 1980ರಲ್ಲಿ ವಿಶ್ವವಿದ್ಯಾಲಯ ಬಂದ ಊರು ಕಲಬುರಗಿ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ ವಿಭಾಗವೇ ಇದೆ. ಒಂದೇ ಸಂತೆಯಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಕಿವಿಗೆ ಬೀಳುವ ಸೀಮೆಯಲ್ಲಿ ಬೆಳೆದವರು ನೀವು, ಸಂವಹನದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆಯನ್ನು ನಾನು ಕಾಣೆ.

2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದರಿಂದ ಯಾವ ವಿಷಯದ ಜೊತೆ ಯಾವುದು ಸಿಗುತ್ತದೆ ಎಂಬುದನ್ನು ನೀವು ಸೇರುವ ಕಾಲೇಜಿನಲ್ಲೇ ವಿಚಾರಿಸಿಕೊಳ್ಳಿ. ಅರ್ಜಿ ತುಂಬುವ ಮೊದಲು ಅಲ್ಲಿಯ ಅರ್ಥಶಾಸ್ತ್ರದ ಅಧ್ಯಾಪಕರನ್ನು ಕೇಳಿಕೊಂಡು ಎರಡು ದಿನ ಅವರ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಬನ್ನಿ. ಅರ್ಥವಾಗದಿದ್ದರೆ ಇಲ್ಲೇ ಬರೆಯಿರಿ, ಬೇಡಿಕೆ ಮತ್ತು ಪೂರೈಕೆಯ ಮೊದಲ ಪಾಠವನ್ನು ತೊಗರಿಯ ದರ ಇಟ್ಟುಕೊಂಡೇ ನಾನು ನಿಮಗೆ ಬಿಡಿಸಿ ಹೇಳುತ್ತೇನೆ.