ಲಾ ಮುಗಿಯುತ್ತಾ ಬಂತು, ಕೆಲಸ ಎಲ್ಲೂ ಕಾಣುತ್ತಿಲ್ಲ. ತಡವಾಯಿತಾ?

ನಿಮ್ಮ ವಯಸ್ಸು 29. ಮೊದಲು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಿರಿ, ಈಗ ಚಿತ್ರದುರ್ಗದಲ್ಲಿ ಮೂರು ವರ್ಷದ ಎಲ್‌ಎಲ್‌ಬಿಯ ಕೊನೆಯ ಸೆಮಿಸ್ಟರ್. ಓದಿದ್ದೆಲ್ಲ ಕನ್ನಡ ಮಾಧ್ಯಮ, ಮನೆಯಲ್ಲಿ ಯಾರೂ ವಕೀಲರಿಲ್ಲ. ಬೆಂಗಳೂರಿನ ಲಾ ಫರ್ಮ್‌ಗಳಿಗೆ ಬಯೋಡೇಟಾ ಕಳಿಸಿ ಕಳಿಸಿ ಸಾಕಾಗಿದೆ, ಒಂದು ಉತ್ತರವೂ ಬಂದಿಲ್ಲ. "ತಡವಾಯಿತಾ?" ಅಂತ ಕೇಳಿದ್ದೀರಿ.

ಖಂಡಿತ ತಡವಾಗಿಲ್ಲ. ನಾನು ತುಮಕೂರಿನಲ್ಲಿ ವಕೀಲಿ ಮಾಡುತ್ತೇನೆ, ಹೆಚ್ಚಾಗಿ ಸಿವಿಲ್ ಕೇಸುಗಳು. ಬೇರೆ ಕೆಲಸ ಮಾಡಿ ಆಮೇಲೆ ಕರಿಕೋಟು ಹಾಕಿದವರು ಬೇಗ ನೆಲೆ ನಿಂತದ್ದನ್ನು ಕಂಡಿದ್ದೇನೆ. ತರಗತಿ ತುಂಬ ಮಕ್ಕಳ ಮುಂದೆ ನಿಂತು ಮಾತಾಡಿ ಅಭ್ಯಾಸ ಇರುವವರಿಗೆ ಕೋರ್ಟ್ ಹಾಲ್‌ನ ಭಯ ಜಾಸ್ತಿ ದಿನ ಇರುವುದಿಲ್ಲ. ಆದರೆ ನೀವು ಹುಡುಕುತ್ತಿರುವ ಜಾಗ ಬದಲಾಗಬೇಕು. ದೊಡ್ಡ ಫರ್ಮ್‌ಗಳು ಬಹುಪಾಲು ತಮ್ಮಲ್ಲಿ ಇಂಟರ್ನ್‌ಶಿಪ್ ಮಾಡಿದವರನ್ನೇ ತೆಗೆದುಕೊಳ್ಳುತ್ತವೆ. ಕೊನೆಯ ಸೆಮಿಸ್ಟರ್‌ನಲ್ಲಿ ಇಮೇಲ್‌ಗೆ ಬಂದ ಬಯೋಡೇಟಾ ಅಲ್ಲಿ ಯಾರೂ ತೆರೆದು ನೋಡುವುದೂ ಕಷ್ಟ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಕೆಲಸ ಎನ್‌ರೋಲ್‌ಮೆಂಟ್, ಅಂದರೆ ವಕೀಲರಾಗಿ ಹೆಸರು ನೋಂದಾಯಿಸಿಕೊಳ್ಳುವುದು. ಫಲಿತಾಂಶ ಬಂದು ಪ್ರೊವಿಷನಲ್ ಸರ್ಟಿಫಿಕೇಟ್ ಕೈಗೆ ಸಿಕ್ಕ ತಕ್ಷಣ ರಾಜ್ಯ ವಕೀಲರ ಪರಿಷತ್ತಿಗೆ ಅರ್ಜಿ ಹಾಕಿ. "ಮೊದಲು ಕೆಲಸ ಸಿಗಲಿ, ಆಮೇಲೆ ನೋಡೋಣ" ಅಂತ ಮುಂದೂಡುವವರು ತುಂಬಾ ಜನ. ಹಾಗೆ ಮಾಡಬೇಡಿ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಲೇಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿದೆ. ಆ ಮೂರು ವರ್ಷವನ್ನು ಪ್ರೊವಿಷನಲ್ (ತಾತ್ಕಾಲಿಕ) ಎನ್‌ರೋಲ್‌ಮೆಂಟ್ ಆದ ದಿನದಿಂದಲೇ ಲೆಕ್ಕ ಹಾಕುತ್ತಾರೆ. ಅಂದರೆ ಎನ್‌ರೋಲ್ ಆಗದೆ ಕಳೆದ ಪ್ರತಿ ತಿಂಗಳೂ ನಿಮಗೆ ನಷ್ಟವೇ. ವಯಸ್ಸಿನ ಯೋಚನೆ ಇರುವ ನಿಮಗಂತೂ ಇದು ಮುಖ್ಯ.

ಖರ್ಚಿಗೆ ಹೆದರಬೇಡಿ. ವಕೀಲರ ಕಾಯ್ದೆಯಲ್ಲಿ ಹೇಳಿರುವ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ ಅಂತ 2024ರ ಜುಲೈನಲ್ಲೇ ಸುಪ್ರೀಂ ಕೋರ್ಟ್ ಹೇಳಿತು. "ಐಚ್ಛಿಕ" ಅಂತ ಹೆಸರಿಟ್ಟು ಬೇರೆ ಹಣ ತೆಗೆದುಕೊಳ್ಳುವುದೂ ತಪ್ಪು ಅಂತ ಮರುವರ್ಷ ನಮ್ಮ ಕರ್ನಾಟಕದ ಪ್ರಕರಣದಲ್ಲೇ ಸ್ಪಷ್ಟಪಡಿಸಿತು. ಸಾಲ ಮಾಡಿ ಎನ್‌ರೋಲ್ ಆದ ಎಷ್ಟೋ ಬಡ ಹುಡುಗ ಹುಡುಗಿಯರನ್ನು ನೋಡಿದ ನನಗೆ ಆ ತೀರ್ಪು ತುಂಬಾ ದೊಡ್ಡದು.

ಎನ್‌ರೋಲ್ ಆದ ಮೇಲೆ ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ, ಅದೇ ಎಐಬಿಇ, ಪಾಸಾಗಬೇಕು. ನೂರು ಪ್ರಶ್ನೆ, ಎಲ್ಲವೂ ಆಯ್ಕೆ ಮಾಡುವಂಥವು, ತಪ್ಪಿಗೆ ಅಂಕ ಕಳೆಯುವುದಿಲ್ಲ. ಟಿಪ್ಪಣಿ ಇಲ್ಲದ ಬೇರ್ ಆ್ಯಕ್ಟ್, ಅಂದರೆ ಬರೀ ಕಾಯ್ದೆಯ ಪಠ್ಯ ಇರುವ ಪುಸ್ತಕ, ಒಳಗೆ ಒಯ್ಯಬಹುದು. ಕನ್ನಡದಲ್ಲೇ ಬರೆಯಬಹುದು. ಇತ್ತೀಚೆಗೆ ಕೊನೆಯ ಸೆಮಿಸ್ಟರ್‌ನವರಿಗೂ ಅವಕಾಶ ಕೊಡುತ್ತಿದ್ದಾರೆ, ಹಾಗಾಗಿ ನೋಟಿಫಿಕೇಶನ್ ಮೇಲೆ ಈಗಿಂದಲೇ ಕಣ್ಣಿಡಿ.

ಒಂದು ಎಚ್ಚರಿಕೆ. ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇದ್ದುಕೊಂಡು ವಕೀಲಿಕೆ ಮಾಡುವಂತಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮ ಇದನ್ನೇ ಹೇಳುತ್ತದೆ. ಸ್ವಲ್ಪ ದಿನ ಶಾಲೆಗೂ ಹೋಗೋಣ, ಕೋರ್ಟಿಗೂ ಹೋಗೋಣ ಅನ್ನುವ ಯೋಚನೆ ಇದ್ದರೆ ಈಗಲೇ ಕೈಬಿಡಿ.

ಇನ್ನು ಆಫೀಸು ಹುಡುಕುವ ವಿಷಯ. ಜಿಲ್ಲಾ ಕೇಂದ್ರಗಳಲ್ಲಿ ಜೂನಿಯರ್ ಬೇಕಾಗಿದ್ದಾರೆ ಅಂತ ಯಾರೂ ಜಾಹೀರಾತು ಕೊಡುವುದಿಲ್ಲ. ಎಲ್ಲ ಮುಖಪರಿಚಯದ ಮೇಲೆ ನಡೆಯುತ್ತದೆ. ನಿಮಗೆ ಪರಿಚಯ ಇಲ್ಲ, ಸರಿ. ಪರಿಚಯ ಮಾಡಿಕೊಳ್ಳುವ ಜಾಗ ಎಲ್ಲರಿಗೂ ತೆರೆದೇ ಇದೆಯಲ್ಲ, ಕೋರ್ಟ್ ಹಾಲ್! ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಆ ದಿನದ ಕಾಸ್ ಲಿಸ್ಟ್, ಅಂದರೆ ವಿಚಾರಣೆಗೆ ಬರುವ ಕೇಸುಗಳ ಪಟ್ಟಿ, ನೋಡಿ. ಸಾಕ್ಷಿ ವಿಚಾರಣೆ ಇರುವ ಹಾಲ್‌ನಲ್ಲಿ ಹಿಂದಿನ ಬೆಂಚಿನ ಮೇಲೆ ಕೂತುಕೊಳ್ಳಿ. ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಯಾರು ಚೆನ್ನಾಗಿ ಮಾಡುತ್ತಾರೆ ಅನ್ನುವುದು ನಿಮಗೇ ತಿಳಿಯುತ್ತದೆ. ಆದರೆ ಅದಕ್ಕಿಂತ ಮುಖ್ಯವಾಗಿ ಅವರ ಜೂನಿಯರ್ ಏನು ಮಾಡುತ್ತಿದ್ದಾರೆ ಅಂತ ಗಮನಿಸಿ. ಕೆಲವು ಆಫೀಸಿನ ಜೂನಿಯರ್‌ಗಳು ವರ್ಷಗಟ್ಟಲೆ "ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ಟೈಮ್ ಕೊಡಿ ಸ್ವಾಮಿ" ಅಂತ ಕೇಳುವುದರಲ್ಲೇ ಇರುತ್ತಾರೆ. ಇನ್ನು ಕೆಲವು ಆಫೀಸಿನಲ್ಲಿ ಜೂನಿಯರ್ ಎದ್ದು ನಿಂತು ಐಎ (ಕೇಸಿನ ನಡುವೆ ಹಾಕುವ ಮಧ್ಯಂತರ ಅರ್ಜಿ) ಮೇಲೆ ವಾದ ಮಾಡುತ್ತಾರೆ, ಸೀನಿಯರ್ ಪಕ್ಕದಲ್ಲಿ ಕೂತು ಫೈಲಿನ ಪುಟ ತೋರಿಸುತ್ತಿರುತ್ತಾರೆ. ಹೋಗಬೇಕಾದ್ದು ಆ ಎರಡನೆಯ ಆಫೀಸಿಗೆ, ಬೋರ್ಡ್ ಎಷ್ಟೇ ಚಿಕ್ಕದಿರಲಿ.

ಮಾತಾಡಿಸಲು ಬೆಳಗ್ಗೆ ಹೋಗಬೇಡಿ, ಆಗ ಯಾರಿಗೂ ತಲೆ ಕೆರೆದುಕೊಳ್ಳಲೂ ಪುರಸೊತ್ತಿರುವುದಿಲ್ಲ. ಸಂಜೆ ಆಫೀಸಿನಲ್ಲಿ ಸಿಗಿ. "ನಿನ್ನೆ ನಿಮ್ಮ ಆಸ್ತಿ ಪಾಲಿನ ದಾವೆಯ ಪಾಟೀಸವಾಲು ಕೇಳಿದೆ ಸರ್, ಸ್ವಲ್ಪ ದಿನ ಬಂದು ಫೈಲ್ ಓದಲಾ?" ಅಂತ ಕೇಳಿ. ಕೆಲಸ ಕೊಡಿ ಅಂದರೆ ಯೋಚಿಸುವವರು ಫೈಲ್ ಓದುತ್ತೇನೆ ಅಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಗುಮಾಸ್ತರ ಜೊತೆ ಚೆನ್ನಾಗಿರಿ. ನಕಲು ಅರ್ಜಿ ಎಲ್ಲಿ ಕೊಡಬೇಕು, ಕೋರ್ಟ್ ಕಚೇರಿ ಎತ್ತುವ ಆಕ್ಷೇಪಣೆ ಹೇಗೆ ಸರಿ ಮಾಡಬೇಕು, ಸಮನ್ಸ್, ನೋಟಿಸ್ ಕಳಿಸುವ ಪ್ರೋಸೆಸ್ ಫೀ ಎಷ್ಟು, ಇದೆಲ್ಲ ಕಲಿಸುವವರು ಅವರೇ.

ದುಡ್ಡಿನ ಮಾತು ನಾಚಿಕೆ ಇಲ್ಲದೆ ಆಡಿ. ನಾನು ಜೂನಿಯರ್ ಆಗಿದ್ದ ಮೊದಲ ಆಫೀಸಿನಲ್ಲಿ ಬಸ್ ಚಾರ್ಜೂ ಕೊಡುತ್ತಿರಲಿಲ್ಲ, "ಕಲೀತಾ ಇದೀಯಲ್ಲ, ಅದೇ ಸಂಬಳ" ಅನ್ನುತ್ತಿದ್ದರು. ಈ ಪದ್ಧತಿಯಿಂದ ಬಡವರ ಮಕ್ಕಳೇ ವೃತ್ತಿ ಬಿಟ್ಟು ಹೋಗುತ್ತಾರೆ. ಜೂನಿಯರ್‌ಗಳಿಗೆ ತಿಂಗಳಿಗೆ ನಗರಗಳಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಬಾರ್ ಕೌನ್ಸಿಲ್ 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಬರೀ ಶಿಫಾರಸು, ಎಲ್ಲರೂ ಪಾಲಿಸುವುದಿಲ್ಲ. ಆದರೂ ಕೇಳುವಾಗ ನಿಮ್ಮ ಕೈಯಲ್ಲಿ ಒಂದು ಅಂಕಿ ಇರುತ್ತದೆ. ತರಬೇತಿಯಲ್ಲಿರುವ ಕಾನೂನು ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮಾಸಿಕ ಭತ್ಯೆ ಕೊಡುವ ಯೋಜನೆಗಳಿವೆ. ನಿಮಗೆ ಅನ್ವಯಿಸಿದರೆ ಜಿಲ್ಲಾ ಕಚೇರಿಯಲ್ಲಿ ಅರ್ಜಿ ಯಾವಾಗ ಕರೆಯುತ್ತಾರೆ ಅಂತ ವಿಚಾರಿಸಿ.

ಈಗ ನಿಮ್ಮ ಕನ್ನಡದ ವಿಷಯಕ್ಕೆ ಬರುತ್ತೇನೆ. ಅದನ್ನು ಕೊರತೆ ಅಂತ ಬರೆದಿದ್ದೀರಿ. ನನ್ನ ಆಫೀಸಿನಲ್ಲಿ ಹೊಟ್ಟೆಪಾಡು ನಡೆಯುವುದೇ ಅದರಿಂದ. ಗುಬ್ಬಿ ಕಡೆಯ ಒಂದು ಜಮೀನು ಕೊಳ್ಳಲು ಪಕ್ಷಗಾರರು ಕಾಗದ ತಂದಿದ್ದರು. ಪಹಣಿಯ 9ನೇ ಕಾಲಂನಲ್ಲಿ ಮಾರುವವರ ಹೆಸರು ಸರಿಯಾಗಿತ್ತು. 11ನೇ ಕಾಲಂನಲ್ಲಿ ಸಾಲ ಇರಲಿಲ್ಲ. ಇಸಿಯಲ್ಲೂ, ಅಂದರೆ ಋಣಭಾರ ಪತ್ರದಲ್ಲೂ, ಏನೂ ತೊಂದರೆ ಕಾಣಲಿಲ್ಲ. ನನ್ನ ಜೂನಿಯರ್ ಅಷ್ಟಕ್ಕೇ ಬಿಡಲಿಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಹಳೆಯ ಮ್ಯುಟೇಷನ್ (ಖಾತೆ ಬದಲಾವಣೆಯ ದಾಖಲೆ) ನಕಲು ತೆಗೆಸಿದ. ಕೈಬರಹ, ಶಾಯಿ ಮಾಸಿತ್ತು, ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಕೂಡಿಸಿ ಓದಿದಾಗ ಗೊತ್ತಾಯಿತು, ಅದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ದರಖಾಸ್ತಿನಲ್ಲಿ, ಅಂದರೆ ಅರ್ಜಿಯ ಮೇಲೆ ಸರ್ಕಾರದಿಂದ, ಮಂಜೂರಾಗಿದ್ದ ಜಮೀನು. 1978ರ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟ ಜಾತಿ, ಪಂಗಡದವರ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ) ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನು ಮಾರುವಂತಿಲ್ಲ. ಅನುಮತಿ ಪತ್ರ ಕಾಗದಗಳಲ್ಲಿ ಎಲ್ಲೂ ಇರಲಿಲ್ಲ. ಪಕ್ಷಗಾರರು ಅಡ್ವಾನ್ಸ್ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿದರು.

ಇಂಗ್ಲಿಷ್‌ನಲ್ಲಿ ಸಲೀಸಾಗಿ ವಾದ ಮಾಡುವವರಲ್ಲೂ ಆ ಪುಟ ಓದಲು ಬಾರದವರು ಬೇಕಾದಷ್ಟು ಜನ ಇದ್ದಾರೆ. ಬ್ಯಾಂಕು, ಬಿಲ್ಡರ್, ಮನೆ ಸೈಟು ಕೊಳ್ಳುವವರು, ಎಲ್ಲರಿಗೂ ಲೀಗಲ್ ಒಪಿನಿಯನ್, ಅಂದರೆ ಕಾಗದಪತ್ರ ಸರಿ ಇದೆಯಾ ಅನ್ನುವ ವಕೀಲರ ಅಭಿಪ್ರಾಯ, ಬೇಕು. ಬೆಂಗಳೂರಿನ ಆಫೀಸುಗಳಿಗೂ ಪಹಣಿ, ಪೋಡಿ (ಜಮೀನು ಭಾಗ ಮಾಡಿದ ಅಳತೆ ದಾಖಲೆ), ಸಾಗುವಳಿ ಚೀಟಿ (ಜಮೀನು ಮಂಜೂರಾತಿ ಪತ್ರ) ಓದಿ ಅರ್ಥ ಹೇಳುವವರು ಬೇಕು. ಜಿಲ್ಲೆಯಿಂದ ಹೈಕೋರ್ಟಿಗೆ ಅಪೀಲು ಹೋದಾಗ ಕನ್ನಡದ ಸಾಕ್ಷ್ಯ, ದಾಖಲೆಗಳನ್ನು ಇಂಗ್ಲಿಷ್‌ಗೆ ಮಾಡಿಕೊಡುವ ಕೆಲಸವೂ ಇದೆ. ಬಯೋಡೇಟಾದಲ್ಲಿ "ಕಠಿಣ ಪರಿಶ್ರಮಿ" ಅನ್ನುವ ಸಾಲು ತೆಗೆದು, ಹಳೆಯ ಕಂದಾಯ ದಾಖಲೆ ಓದಬಲ್ಲೆ ಅಂತ ಬರೆಯಿರಿ. ಬರೆಯುವ ಮುಂಚೆ ನಿಮ್ಮ ಮನೆಯ ಜಮೀನಿನದೇ ಕಾಗದ ಹಿಡಿದು, ಮೂಲ ಪತ್ರದಿಂದ ಈವರೆಗೆ ಹಕ್ಕು ಹೇಗೆ ಕೈ ಬದಲಾಯಿತು ಅಂತ ಪೂರ್ತಿ ಬರೆದು ಅಭ್ಯಾಸ ಮಾಡಿ.

ಸಂಬಳದ ಕೆಲಸವೇ ಬೇಕು ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೋಟಿಸ್ ಬೋರ್ಡ್ ನೋಡುತ್ತಿರಿ. ಆರೋಪಿಗಳಿಗೆ ಉಚಿತವಾಗಿ ವಕೀಲರನ್ನು ಕೊಡುವ ಕಾನೂನು ನೆರವು ಡಿಫೆನ್ಸ್ ಕೌನ್ಸೆಲ್ ವ್ಯವಸ್ಥೆಯಲ್ಲಿ ಸಹಾಯಕ ಕೌನ್ಸೆಲ್ ಹುದ್ದೆಗೆ ಮೂರು ವರ್ಷದೊಳಗಿನ ಅನುಭವದವರನ್ನೂ ತೆಗೆದುಕೊಳ್ಳುತ್ತಾರೆ. ಗುತ್ತಿಗೆ ಕೆಲಸ, ಖಾಸಗಿ ಕೇಸು ಹಿಡಿಯುವಂತಿಲ್ಲ, ಆದರೆ ಕ್ರಿಮಿನಲ್ ಕೇಸು ಕೈಯಾರೆ ನಡೆಸುವ ಅವಕಾಶ ಇಷ್ಟು ಬೇಗ ಬೇರೆಲ್ಲೂ ಸಿಗುವುದಿಲ್ಲ. ಹೈಕೋರ್ಟ್ ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಹುದ್ದೆಗಳೂ ಇರುತ್ತವೆ. ಬ್ಯಾಂಕಿನ ಲಾ ಆಫೀಸರ್ ಪರೀಕ್ಷೆಗೆ ಎನ್‌ರೋಲ್ ಆಗಿರಬೇಕು, ಸಾಮಾನ್ಯ ವರ್ಗಕ್ಕೆ ವಯೋಮಿತಿ 30. ನಿಮಗೆ ಅದರ ಬಾಗಿಲು ಮುಚ್ಚುತ್ತಾ ಬಂದಿದೆ. ಮೀಸಲಾತಿಯ ಸಡಿಲಿಕೆ ಇಲ್ಲದಿದ್ದರೆ ಅದರ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಇಂಗ್ಲಿಷ್‌ಗೆ ಕೋಚಿಂಗ್ ಸೇರಲಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಕರ್ನಾಟಕ ಹೈಕೋರ್ಟಿನ ಒಂದು ಚಿಕ್ಕ ತೀರ್ಪು ತೆಗೆದುಕೊಳ್ಳಿ. ಯಾವ ದಿನ ಏನಾಯಿತು ಅನ್ನುವ ಪಟ್ಟಿಯನ್ನು ಸರಳ ಇಂಗ್ಲಿಷ್‌ನಲ್ಲಿ ಬರೆಯಿರಿ. ಆಮೇಲೆ ತೀರ್ಪಿನ ವಾಕ್ಯಗಳ ಜೊತೆ ಇಟ್ಟು ತಿದ್ದಿಕೊಳ್ಳಿ. ಆಫೀಸಿನಲ್ಲಿ ನಿಮಗೆ ಮೊದಲು ಕೊಡುವ ಕೆಲಸವೂ ಹೆಚ್ಚುಕಮ್ಮಿ ಆ ಪಟ್ಟಿಯೇ ಆಗಿರುತ್ತದೆ.