ಜರ್ಮನಿಗೆ ಹೋಗುವಾಗ ತುಪ್ಪ, ಕರಿಬೇವು ತಗೊಂಡು ಹೋಗಬಹುದಾ?

ಮಂಡ್ಯದಿಂದ ಒಂದು ವರ್ಷದ ಎಕ್ಸ್‌ಚೇಂಜ್ ಓದಿಗೆ ಜರ್ಮನಿಗೆ ಹೊರಟಿದ್ದೀರಿ. ಅಮ್ಮ ತುಪ್ಪ, ಪೇಡ, ಹಸಿ ಕರಿಬೇವು ಕಟ್ಟುತ್ತಿದ್ದಾರೆ, ಬಿಡ್ತಾರಾ ಅಂತ ಕೇಳಿದ್ದೀರಿ. ಮೂರನ್ನೂ ಬಿಡುವುದಿಲ್ಲ. ಸಿಕ್ಕರೆ ಕಸ್ಟಮ್ಸ್‌ನವರು ಕಿತ್ತುಕೊಂಡು ನಾಶ ಮಾಡುತ್ತಾರೆ.

ಹೊರದೇಶದ ಹಾಲಿನ, ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ತರುವಂತಿಲ್ಲ ಅನ್ನುವುದು ಯುರೋಪಿಯನ್ ಒಕ್ಕೂಟದ ನಿಯಮ. ಕಾರಣ ದನಗಳ ಕಾಯಿಲೆ. ನಿಮ್ಮ ಕಡೆ ಹಸು ಸಾಕಿದವರನ್ನು ಕೇಳಿ, ಕಾಲುಬಾಯಿ ಜ್ವರ ಅಂದರೆ ಏನು ಅಂತ ಹೇಳುತ್ತಾರೆ. ಅದರ ವೈರಸ್ ಹಾಲು, ಮಾಂಸದಲ್ಲಿ ಉಳಿದುಕೊಂಡು ಪ್ರಯಾಣ ಮಾಡಬಲ್ಲದು. ತುಪ್ಪ ಕಾಯಿಸಿದ್ದೇ ಅಲ್ವಾ ಅಂತ ವಾದ ಮಾಡಿ ಪ್ರಯೋಜನವಿಲ್ಲ. ಎಷ್ಟು ಕಾಯಿಸಿದ್ದು ಅಂತ ಒಂದೊಂದು ಡಬ್ಬಿ ಪರೀಕ್ಷಿಸುತ್ತಾ ಕೂರೋಕಾಗಲ್ಲ.

ಕರಿಬೇವಿನದು ಬೇರೆ ಕತೆ. ಎಲೆಯ ಹಿಂಬದಿಯಲ್ಲಿ ಕೀಟದ ಮೊಟ್ಟೆ ಇರಬಹುದು. ಅದಕ್ಕೇ 2019ರ ಡಿಸೆಂಬರ್‌ನಿಂದ ಹಸಿ ಎಲೆ, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಐದು ಹಣ್ಣಿಗೆ ಮಾತ್ರ ವಿನಾಯಿತಿ: ಬಾಳೆ, ತೆಂಗು, ಅನಾನಸ್, ಖರ್ಜೂರ, ಡ್ಯೂರಿಯನ್. ಅಂದರೆ ನಂಜನಗೂಡು ರಸಬಾಳೆ ಓಕೆ, ಮಾವಿನಹಣ್ಣು ಇಲ್ಲ! (ರಸಬಾಳೆ ಸೂಟ್‌ಕೇಸಿನಲ್ಲಿ ಏನಾಗುತ್ತೆ ಅಂತ ನೀವೇ ಯೋಚಿಸಿ.)

ಸಾರಿನ ಪುಡಿ, ಬೆಲ್ಲ, ಮಾವಿನಕಾಯಿ ಉಪ್ಪಿನಕಾಯಿಗೆ ತೊಂದರೆ ಇಲ್ಲ. ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೇ ಹಾಕಿ, ಎಣ್ಣೆ ಸೋರದ ಹಾಗೆ ಎರಡು ಕವರ್ ಸುತ್ತಿ. ಒಣಕೊಬ್ಬರಿ ಮಾತ್ರ ಆ ಬ್ಯಾಗಿಗೆ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುವ ಭಯಕ್ಕೆ ನಮ್ಮ ಏರ್‌ಪೋರ್ಟಿನಲ್ಲೇ ತೆಗೆಸುತ್ತಾರೆ.